ಉಂಡೆ

ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ನಂದೊಂದೇ
ಹೊಲಿಗೆ ಅಂಗಡಿ. ಬಿಳಿ ಬಟ್ಟೆ ತಂದವರಿಗೆ
ಮೊದಲೇ ಹೇಳಿಬಿಡ್ತೀನಿ:
ಮಸಿ ಕೂತರೆ ನನ್ನ ಹೊಣೆಯಲ್ಲ.

ಎದುರು ಭಟ್ಟಿಯ ಮನೆಗೆ ಸೊಸೆಯಾಗಿ ಬಂದಳು
ಆದೋನಿಯ ಜುಲೇಖಾ.
ಎಂಟನೇ ದಿನವೋ ಒಂಬತ್ತನೆಯದೋ,
ರಾತ್ರಿ ನಾನು ಶಟರ್ ಎಳೆಯೋ ಹೊತ್ತಿಗೆ
ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ
ಕಲಿತಷ್ಟೂ ಕನ್ನಡ ಒಟ್ಟುಗೂಡಿಸಿ ಕೇಳಿದಳು:
"ಅಕ್ಕಾ, ಊಟ ತಿಂದ್ರಾ?"

ನಕ್ಕುಬಿಟ್ಟೆ. ನಗಬಾರದಿತ್ತು.
ಬೀಡಾ ಅಂಗಡಿ ತಿಪ್ಪೇಶಿಯೂ ನಕ್ಕ.
"ಊಟ ತಿನ್ನಲ್ಲವ್ವಾ, ಊಟ ಮಾಡ್ತಾರೆ.
ಇಲ್ಲಾ ಉಣ್ತಾರೆ. ಉಂಡ್ರೇನ್ರಿ ಅನ್ನು."
"ಅದೇ ಬಾಯಿ, ಅದೇ ಹಲ್ಲು," ಅಂದಳು,
"ಮಾತು ಯಾಕೆ ಎರಡು?
ನಮ್ಮಲ್ಲಿ ಖಾನಾ ಅಂದ್ರೆ ಊಟ,
ಖಾನಾ ಅಂದ್ರೆ ತಿನ್ನೋದು.
ಖಾನಾ ಖಾನಾ. ಮುಗೀತು."

ನಾನು ಓದಿದ್ದು ಏಳನೇ ಕ್ಲಾಸು.
ಆದರೂ ಆ ಪ್ರಶ್ನೆ ಮಿಷನ್ನಿನ ಗಾಲಿ ಹಂಗೆ
ತಲೆಯಲ್ಲಿ ತಿರುಗಿತು. ಗುಂಡಿ ಹಚ್ಚುತ್ತಾ,
ಕಾಜ ಹೊಲಿಯುತ್ತಾ, ಅವಳಿಗೆ ಚೂರುಚೂರೇ ಹೇಳಿದೆ.

ಬೆಣ್ಣೆ ದೋಸೆ ಆರು ತಿಂದರೂ
ಉಂಡ ಲೆಕ್ಕಕ್ಕೆ ಬರಲ್ಲ.
ನಿಮ್ಮ ಮಂಡಕ್ಕಿ, ಮೇಲೊಂದು ಮಿರ್ಚಿ,
ಹೊಟ್ಟೆ ಬಿರಿದರೂ ಅದು ತಿಂದಿದ್ದೇ.
ರೊಟ್ಟಿ, ಮುದ್ದೆ, ಅನ್ನ, ಸಾರು:
ಕೈ ತೊಳೆದು ಕೂತೆಯೋ, ಆಗ ಉಂಡೆ.
ಲಂಚ ತಿಂತಾರೆ, ಯಾರೂ ಉಣ್ಣಲ್ಲ.
ಮಕ್ಕಳು ಏಟು ತಿಂತಾವೆ, ಅವ್ವನ ತಲೆ ತಿಂತಾವೆ.
ತುಕ್ಕು ಕಬ್ಬಿಣ ತಿಂತದೆ, ನಸಿ ರೇಷ್ಮೆ ತಿಂತದೆ.
ಹಸುಗೂಸು ಮಾತ್ರ, ಇನ್ನೂ ಹಲ್ಲೇ ಬರದ್ದು,
ಹಾಲು ಉಣ್ತದೆ.

"ಮತ್ತೆ ನೋವು?" ಅಂತ ಕೇಳಿದಳು ಒಂದಿನ.
ಅವರತ್ತೆಯ ಬಾಯಿಂದ ಕೇಳಿಸಿಕೊಂಡಿದ್ದಳಂತೆ,
ಬಾಳ ನೋವು ಉಂಡೋಳು ನಾನು, ಅಂತ.
"ಅದನ್ನೇನು ತಟ್ಟೆಗೆ ಹಾಕ್ತಾರಾ?"
ಸೂಜಿ ಬಾಯಲ್ಲಿತ್ತು, ಉತ್ತರ ತಡವಾಯಿತು.
ಹಾಕಿದಷ್ಟನ್ನೂ ಉಣ್ಣಬೇಕು ಜುಲೇಖಾ,
ಒಂದಗುಳು ಬಿಡೋ ಹಂಗಿಲ್ಲ. ಅದಕ್ಕೇ ಇರಬೇಕು.

ಆಮೇಲೆ ವರ್ಷ ಏಳು.
ಅವಳ ಕನ್ನಡ ನನ್ನದಕ್ಕಿಂತ ಚುರುಕಾಯಿತು.
ಅಕ್ಕಿಯ ಚೀಲಕ್ಕೆ ಚೌಕಾಸಿ ಮಾಡುತ್ತಾಳೆ,
ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುವಾಗ
ಆ ಸದ್ದಿನ ಮೇಲೂ ಕೇಳಿಸುವಂಥ ದನಿ.
ರಾತ್ರಿ ಶಟರ್ ಎಳೆಯುವಾಗ ಆ ಮಾತು ತಪ್ಪಿಸಿಲ್ಲ:
"ಉಂಡ್ರೇನ್ರಿ ಅಕ್ಕಾ?"
ನಾನೂ "ಉಂಡೆ" ಅನ್ನುವುದು,
ಒಲೆ ಹಚ್ಚುವುದೇ ಬಾಕಿ ಇದ್ದರೂ.

ಹೋದ ಗುರುವಾರ ಕೈ ತಪ್ಪಿತು.
ಮದುವೆ ಹುಡುಗಿಯ ರೇಷ್ಮೆ ಕಣ,
ಬೆನ್ನಿನ ಅಳತೆ ಎದೆಗಿಟ್ಟು
ಕತ್ತರಿ ಆಡಿಸಿಬಿಟ್ಟೆ.
ಕಾಲು ಶತಮಾನದ ಕಸುಬು, ಮೂರು ಸಾವಿರದ ಬಟ್ಟೆ.
ಹುಡುಗಿಯ ತಾಯಿ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಬೈಗುಳ ತಿಂದು ಮಲಗಬಹುದು.
ಆಕೆ ತುಂಡುಗಳನ್ನು ಮಡಿಚಿ,
ಮಡಿಕೆಯ ಮೇಲೆ ಕೈಯಾಡಿಸಿ, ಎದ್ದು ಹೋದಳು.

ಶಟರ್ ಅರ್ಧಕ್ಕೆ ಎಳೆದು ಒಳಗೇ ಕೂತಿದ್ದೆ.
ಆಚೆಯಿಂದ ದನಿ: "ಉಂಡ್ರೇನ್ರಿ?"
"ಉಂಡೆ," ಅಂದೆ.
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಶಟರಿನ ಕೆಳಗೆ ಎರಡು ಬರಿಗಾಲು,
ಬಗ್ಗಿದ ಒಂದು ತಲೆ. ಅವಳ ಮಗ ಅಫ್ಸರ್.
ಪೇಪರಿನಲ್ಲಿ ಸುತ್ತಿದ್ದು ಮುಂದೆ ಹಿಡಿದ.
ಮಂಡಕ್ಕಿ ಉಂಡೆ. ಬೆಲ್ಲದ ಪಾಕ ಇನ್ನೂ ಆರಿರಲಿಲ್ಲ.
"ನೀವು ಉಂಡೆ ಕೇಳಿದ್ರಂತೆ. ಅಮ್ಮಿ ಕೊಟ್ಲು."

ಅವಳಿಗೆ ಕನ್ನಡ ಬರದೆ ಹೀಗಾಯಿತು
ಅಂತ ನಂಬಲಿಕ್ಕೆ
ನಾನೇನು ತಿಪ್ಪೇಶಿಯೇ?

ಉಂಡೆ ತಿನ್ನೋ ಪದಾರ್ಥ. ನಾನೇ ಹೇಳಿಕೊಟ್ಟಿದ್ದು.
ಆದರೂ ಎದ್ದು ಕೈ ತೊಳೆದೆ.
ಕತ್ತರಿ ಸರಿಸಿ, ತಟ್ಟೆ ಇಟ್ಟು,
ಚಕ್ಕಳಮಕ್ಕಳ ಹಾಕಿ ಕೂತೆ,
ಮುರಿದು ಮುರಿದು, ನಿಧಾನಕ್ಕೆ,
ಒಂದು ಕಾಳೂ ನೆಲಕ್ಕೆ ಬೀಳದ ಹಂಗೆ.